ಮನೆಬಳಕೆಯ ಗಟ್ಟಿ ಡಾನ್ಸ್ ಪ್ಯಾಡ್: ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ತಗಡಿನ ಕೆಲಸದ ಸಣ್ಣ ಘಟಕವೊಂದನ್ನು ನಡೆಸುತ್ತಿರುವ ನನ್ನ ಕಕ್ಷಿದಾರರೊಬ್ಬರು ಇತ್ತೀಚೆಗೆ ವಿದೇಶಿ ಬಿಲ್ಲೊಂದನ್ನು ನನ್ನ ಮೇಜಿನ ಮೇಲಿಟ್ಟು, "ಸಾರ್, ಇದನ್ನು ಕಂಪನಿಯ ಖರ್ಚಿಗೆ ಹಾಕಬಹುದೇ?" ಎಂದು ಕೇಳಿದರು. ಮಗಳ ಆಸೆಗಾಗಿ ಹೊರದೇಶದಿಂದ ತರಿಸಿದ್ದ ಡಾನ್ಸ್ ಪ್ಯಾಡಿನ ಬಿಲ್ಲು ಅದಾಗಿತ್ತು. ಐದು ತಿಂಗಳಲ್ಲಿಯೇ ಪ್ಯಾಡಿನ ಎಡಬಾಣ ಕೆಲಸ ನಿಲ್ಲಿಸಿತ್ತು. ವಾರಂಟಿ ಇದ್ದಿತಾದರೂ, ವಸ್ತುವನ್ನು ಹಿಂದಿರುಗಿಸುವ ಸಾಗಣೆ ವೆಚ್ಚವನ್ನು ಖರೀದಿದಾರರೇ ಭರಿಸಬೇಕೆಂಬ ಷರತ್ತು ಅದರಲ್ಲಿತ್ತು. ಆ ವೆಚ್ಚವು ಪ್ಯಾಡಿನ ಬೆಲೆಯ ಅರ್ಧಕ್ಕಿಂತ ಹೆಚ್ಚಾಗುತ್ತಿತ್ತು.

ಮನೆಯವರ ಬಳಕೆಯ ವಸ್ತುವಿಗೆ ವ್ಯವಹಾರದ ಲೆಕ್ಕದಲ್ಲಿ ಸವಕಳಿಯೂ ದೊರೆಯದು, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕೂಡ ದೊರೆಯದು. ಈ ಉತ್ತರವನ್ನು ಕೂಡಲೇ ಕೊಟ್ಟೆ. ಆದರೆ ಅವರ ಎರಡನೆಯ ಪ್ರಶ್ನೆ, "ಹಾಗಾದರೆ ನಾನು ತಪ್ಪಿದ್ದೆಲ್ಲಿ?" ಎಂಬುದಕ್ಕೆ ಉತ್ತರ ಹುಡುಕಲು ಕೆಲವು ವಾರಗಳೇ ಹಿಡಿದವು. ಆ ಉತ್ತರವು ಇಂತಹ ಪ್ಯಾಡ್ ಕೊಳ್ಳಬಯಸುವ ಇತರ ಸದಸ್ಯ ಕುಟುಂಬಗಳಿಗೂ ಉಪಯುಕ್ತವಾದೀತೆಂಬ ಭಾವನೆಯಿಂದ ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಈ ಸಾಧನದ ಸ್ವರೂಪ

ಜಪಾನಿನ ಕೊನಾಮಿ ಸಂಸ್ಥೆಯು 1998ರಲ್ಲಿ 'ಡಾನ್ಸ್ ಡಾನ್ಸ್ ರೆವಲ್ಯೂಷನ್' ಎಂಬ ಆಟದ ಯಂತ್ರವನ್ನು ಅಲ್ಲಿನ ಗೇಮ್ ಸೆಂಟರ್‌ಗಳಿಗೆ ಬಿಡುಗಡೆ ಮಾಡಿತು. ಪರದೆಯ ಮೇಲೆ ಹಾಡಿನ ತಾಳಕ್ಕೆ ಅನುಗುಣವಾಗಿ ಬಾಣದ ಗುರುತುಗಳು ಚಲಿಸುತ್ತವೆ. ಆಟಗಾರನು ಅದೇ ಕ್ಷಣದಲ್ಲಿ ಕಾಲಡಿಯ ಬಾಣವನ್ನು ತುಳಿಯಬೇಕು. 1999ರಲ್ಲಿ ಪ್ಲೇಸ್ಟೇಷನ್‌ಗಾಗಿ ಇದರ ಮನೆಬಳಕೆಯ ಆವೃತ್ತಿಯೂ, ಅದೇ ವರ್ಷ ದಕ್ಷಿಣ ಕೊರಿಯಾದ ಆಂಡಾಮಿರೊ ಸಂಸ್ಥೆಯ 'ಪಂಪ್ ಇಟ್ ಅಪ್' ಎಂಬ ಆಟವೂ ಹೊರಬಂದವು. 2001ರಿಂದ ಬೆಳೆದುಬಂದ 'ಸ್ಟೆಪ್‌ಮೇನಿಯಾ' ಎಂಬ ಉಚಿತ ತಂತ್ರಾಂಶದ ಮೂಲಕ ಸಾಮಾನ್ಯ ಕಂಪ್ಯೂಟರಿನಲ್ಲಿಯೂ ಈ ಬಗೆಯ ಆಟ ಸಾಧ್ಯವಾಯಿತು.

ಮೊದಲ ಪರಿಶೀಲನೆ ಇಲ್ಲಿಯೇ ಆರಂಭವಾಗುತ್ತದೆ. ಕೊನಾಮಿಯ ಆಟಕ್ಕೆ ಎಡ, ಬಲ, ಮುಂದೆ, ಹಿಂದೆ ಎಂಬ ನಾಲ್ಕು ಬಾಣಗಳು ಬೇಕು. ಕೊರಿಯಾದ ಆಟಕ್ಕೆ ನಾಲ್ಕು ಮೂಲೆಗಳು ಮತ್ತು ನಡುವಿನ ಒಂದು ಸೇರಿ ಐದು ಫಲಕಗಳು ಬೇಕು. ಮಕ್ಕಳು ಆಡಬಯಸುವ ಆಟ ಯಾವುದೆಂದು ತಿಳಿಯದೆ ಆರ್ಡರ್ ಕೊಡಬಾರದು.

ಮೆದು ಪ್ಯಾಡ್ ಮತ್ತು ಗಟ್ಟಿ ಪ್ಯಾಡ್

ಮೆದು ಪ್ಯಾಡ್ ಎಂಬುದು ಮಡಿಸಬಹುದಾದ ಪ್ಲಾಸ್ಟಿಕ್ ಚಾಪೆ. ಬೆಲೆ ಕಡಿಮೆ, ಇಡಲು ಸ್ಥಳವೂ ಬೇಡ. ಆದರೆ ನೆಲದ ಮೇಲೆ ಜಾರುತ್ತದೆ, ಸುಕ್ಕಾಗುತ್ತದೆ. ವೇಗದ ಆಟಕ್ಕೆ ಒಗ್ಗುವುದಿಲ್ಲ. ಗಟ್ಟಿ ಪ್ಯಾಡಿನಲ್ಲಿ ಮರ ಅಥವಾ ಲೋಹದ ತಳಹದಿಯ ಮೇಲೆ ಪಾಲಿಕಾರ್ಬೊನೇಟ್ ಅಥವಾ ಅಕ್ರಿಲಿಕ್ ಫಲಕಗಳಿರುತ್ತವೆ. ಪ್ಯಾಡ್ ಅಲುಗಾಡದೆ ನಿಲ್ಲುವುದರಿಂದಲೂ, ಫಲಕದ ಅಂಚು ಪಾದಕ್ಕೆ ತಿಳಿಯುವುದರಿಂದಲೂ ಆಟಗಾರನು ಕೆಳಗೆ ನೋಡದೆ ಆಡಬಲ್ಲನು.

ಖರೀದಿದಾರರು ಸಾಮಾನ್ಯವಾಗಿ ಉಕ್ಕಿನ ದಪ್ಪವನ್ನು, ಹೊಳಪನ್ನು, ತೂಕವನ್ನು ನೋಡಿ ಮಾರುಹೋಗುತ್ತಾರೆ. ನನ್ನ ಕಕ್ಷಿದಾರರು ತಗಡಿನ ಕಸುಬಿನವರಾಗಿದ್ದರಿಂದ ಅವರೂ ತಗಡನ್ನೇ ನೋಡಿದರು. ವಾಸ್ತವದಲ್ಲಿ ಕೆಡುವುದು ತಗಡಲ್ಲ, ಅದರ ಕೆಳಗಿರುವ ಸೆನ್ಸರ್.

ಸೆನ್ಸರ್‌ಗಳ ಬಗೆ

1) ಸ್ಪರ್ಶ ಬಗೆ: ಎರಡು ಲೋಹದ ಹಾಳೆಗಳ ನಡುವೆ ತೆಳುವಾದ ಫೋಮ್ ಪಟ್ಟಿಗಳಿರುತ್ತವೆ. ಕಾಲಿನ ಒತ್ತಡಕ್ಕೆ ಹಾಳೆಗಳು ತಾಗಿ ವಿದ್ಯುತ್ ಮಂಡಲ ಪೂರ್ಣಗೊಳ್ಳುತ್ತದೆ. ರಚನೆ ಸರಳ, ರಿಪೇರಿ ಸುಲಭ. ಫೋಮ್ ಚಪ್ಪಟೆಯಾದರೆ ಬಾಣವು ಒತ್ತಿದಂತೆಯೇ ಉಳಿದುಬಿಡುತ್ತದೆ. ಹಾಳೆಗೆ ಕೊಳೆ ಹಿಡಿದರೆ ಒತ್ತಿದರೂ ತಿಳಿಯುವುದಿಲ್ಲ.

2) ಒತ್ತಡ ಅಳೆಯುವ ಬಗೆ: ಒತ್ತಡ ಹೆಚ್ಚಿದಂತೆ ವಿದ್ಯುತ್ ರೋಧ ಇಳಿಯುವ ತೆಳು ಪಟ್ಟಿಗಳನ್ನು ಫಲಕದ ಕೆಳಗೆ ಇಡಲಾಗುತ್ತದೆ. ಎಷ್ಟು ಭಾರಕ್ಕೆ ಬಾಣ ಒತ್ತಿದಂತೆ ಎಣಿಸಬೇಕೆಂಬುದನ್ನು ಕಂಪ್ಯೂಟರಿನಲ್ಲಿಯೇ ಹೊಂದಿಸಬಹುದು. ಹತ್ತು ವರ್ಷದ ಮಗುವೂ ಎಂಬತ್ತು ಕೆ.ಜಿ. ತೂಕದ ತಂದೆಯೂ ಒಂದೇ ಪ್ಯಾಡಿನ ಮೇಲೆ ಆಡುವ ಮನೆಗೆ ಇದು ಅನುಕೂಲಕರ. ಬೆಲೆ ಮಾತ್ರ ಹೆಚ್ಚು.

ಕೊನಾಮಿಯ ಮೂಲ ಯಂತ್ರದಲ್ಲಿ ಪ್ರತಿ ಫಲಕದ ನಾಲ್ಕು ಅಂಚುಗಳಲ್ಲಿಯೂ ಒಂದೊಂದು ಸೆನ್ಸರ್ ಇರುತ್ತದೆ. ಮನೆಬಳಕೆಯ ಅಗ್ಗದ ಪ್ಯಾಡಿನಲ್ಲಿ ಫಲಕದ ನಡುವೆ ಮಾತ್ರ ಸೆನ್ಸರ್ ಇದ್ದರೆ, ಅಂಚಿನಲ್ಲಿ ಬಿದ್ದ ಹೆಜ್ಜೆ ಲೆಕ್ಕಕ್ಕೆ ಬಾರದೆ ಹೋಗಬಹುದು. ಸೆನ್ಸರ್ ಎಷ್ಟಿವೆ, ಎಲ್ಲಿವೆ ಎಂಬುದನ್ನು ಮಾರಾಟಗಾರರಿಂದ ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು.

ಕಂಪ್ಯೂಟರಿನೊಡನೆ ಜೋಡಣೆಯನ್ನೂ ಕೇಳಿ ತಿಳಿಯಬೇಕು. ಎಡ ಮತ್ತು ಬಲ ಬಾಣಗಳನ್ನು ಒಟ್ಟಿಗೆ ತುಳಿಯುವ ಸಂದರ್ಭ ಈ ಆಟದಲ್ಲಿ ಪದೇ ಪದೇ ಬರುತ್ತದೆ. ಕೆಲವು ಅಗ್ಗದ ಅಡಾಪ್ಟರುಗಳು ಬಾಣಗಳನ್ನು ಬೇರೆ ಬೇರೆ ಗುಂಡಿಗಳೆಂದು ಎಣಿಸದೆ, ಒಂದೇ ಸನ್ನೆಕೋಲಿನ ಎರಡು ದಿಕ್ಕುಗಳೆಂದು ಭಾವಿಸುತ್ತವೆ. ಆಗ ಎಡ, ಬಲ ಎರಡೂ ಪರಸ್ಪರ ರದ್ದಾಗುತ್ತವೆ. ವಿಳಂಬವೂ ಗಮನಾರ್ಹ. ಈ ಆಟದಲ್ಲಿ ಅತ್ಯುನ್ನತ ಅಂಕ ಪಡೆಯಲು ಹೆಜ್ಜೆಯು ತಾಳಕ್ಕಿಂತ ಸೆಕೆಂಡಿನ ಸುಮಾರು ಅರವತ್ತನೆಯ ಒಂದು ಭಾಗದಷ್ಟು ಮಾತ್ರ ಹಿಂದೆ ಮುಂದೆ ಆಗಬಹುದು. ಆದುದರಿಂದ ನೇರ ಯು.ಎಸ್.ಬಿ. ತಂತಿಯುಳ್ಳ ಪ್ಯಾಡನ್ನೇ ಆರಿಸುವುದು ಲೇಸು.

ತಯಾರಕರು ಇಲ್ಲವಾದ ಮೇಲೆ

ಅಮೆರಿಕೆಯ ಯೂಟಾ ರಾಜ್ಯದ ಕೋಬಾಲ್ಟ್ ಫ್ಲಕ್ಸ್ ಎಂಬ ಸಂಸ್ಥೆಯು 2000ದ ದಶಕದಲ್ಲಿ ಗಟ್ಟಿ ಪ್ಯಾಡುಗಳಿಗೆ ಹೆಸರಾಗಿತ್ತು. 2006ರಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯವು ತನ್ನ 765 ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಣಕ್ಕಾಗಿ ಈ ಆಟವನ್ನು ಅಳವಡಿಸುವ ಯೋಜನೆಯನ್ನು ಪ್ರಕಟಿಸಿದ ಕಾಲವದು. ಮಾರುಕಟ್ಟೆ ಬೆಳೆಯುತ್ತಲೇ ಹೋಗುವುದೆಂದು ಅನೇಕರು ಭಾವಿಸಿದ್ದರು. ಆದರೆ ಆಟದ ಭರಾಟೆ ಇಳಿಯಿತು. 2010ರ ದಶಕದ ಆರಂಭದಲ್ಲಿ ಆ ಸಂಸ್ಥೆಯ ವ್ಯವಹಾರವೂ ನಿಂತಿತು. ಪ್ಯಾಡ್ ಮಾರುತ್ತಿದ್ದ ಮತ್ತೊಂದು ಅಮೆರಿಕನ್ ಸಂಸ್ಥೆ ರೆಡ್‌ಆಕ್ಟೇನ್ 2006ರಲ್ಲಿ ಆಕ್ಟಿವಿಷನ್‌ನ ಪಾಲಾಗಿ, 2010ರಲ್ಲಿ ಮುಚ್ಚಿಹೋಯಿತು.

ಸಂಸ್ಥೆ ಮುಚ್ಚಿದರೂ ಕೋಬಾಲ್ಟ್ ಫ್ಲಕ್ಸ್ ಪ್ಯಾಡುಗಳನ್ನು ಅವುಗಳ ಒಡೆಯರು ಬಳಸುತ್ತಲೇ ಬಂದರು. ಅವು ಸ್ಕ್ರೂ ಬಿಚ್ಚಿ ತೆರೆಯಬಹುದಾದ ಸ್ಪರ್ಶ ಬಗೆಯ ಪ್ಯಾಡುಗಳು. ನಿಯಂತ್ರಣ ಪೆಟ್ಟಿಗೆಯು ಪ್ಯಾಡಿನಿಂದ ಪ್ರತ್ಯೇಕವಾಗಿದ್ದು, ಅಂಗಡಿಯಲ್ಲಿ ದೊರೆಯುವ 15 ಪಿನ್ನಿನ ಸಾಮಾನ್ಯ ಕನೆಕ್ಟರ್ ಮೂಲಕ ಜೋಡಣೆಯಾಗುತ್ತಿತ್ತು. ಪೆಟ್ಟಿಗೆ ಕೆಟ್ಟರೆ ಬೇರೆ ಎನ್‌ಕೋಡರ್ ಬೋರ್ಡ್ ಹಾಕಿ ಅದೇ ಪ್ಯಾಡನ್ನು ಉಳಿಸಿಕೊಳ್ಳಲು ಸಾಧ್ಯವಿತ್ತು. ನಮ್ಮ ಕಾರ್ಖಾನೆಗಳಲ್ಲಿ ಯಂತ್ರ ಕೊಳ್ಳುವಾಗ ಬಿಡಿಭಾಗಗಳು ಪೇಟೆಯಲ್ಲಿ ಸಿಗುತ್ತವೆಯೇ ಎಂದು ನಾವು ಮೊದಲು ಕೇಳುವುದಿಲ್ಲವೇ? ಇಲ್ಲಿಯೂ ಅದೇ ವಿವೇಕ ಅಗತ್ಯ.

ಅಳತೆ, ಸದ್ದು, ಆಸರೆ

ಮೂಲ ಯಂತ್ರದ ಒಂದೊಂದು ಫಲಕವೂ ಸುಮಾರು 28 ಸೆಂ.ಮೀ. ಚೌಕ. ಮೂರು ಸಾಲು ಸೇರಿದರೆ 84 ಸೆಂ.ಮೀ. ಆಗುತ್ತದೆ. ಇದಕ್ಕಿಂತ ಕಿರಿದಾದ ಪ್ಯಾಡಿನಲ್ಲಿ ದೊಡ್ಡ ಪಾದದವರಿಗೆ ಕಷ್ಟ. ವೇಗದ ಆಟಗಾರರು ಬೆನ್ನ ಹಿಂದಿನ ಕಂಬಿಯನ್ನು ಹಿಡಿದು ಆಡುತ್ತಾರೆ. ಕಂಬಿ ಬೇಕಿದ್ದರೆ ತಳಹದಿ ಭಾರವಾಗಿರಬೇಕು. ಇಲ್ಲವಾದಲ್ಲಿ ಪ್ಯಾಡೇ ಮಗುಚುವ ಅಪಾಯವುಂಟು. ಇನ್ನು ಸದ್ದಿನ ವಿಷಯ. ಪ್ಯಾಡ್ ಎಷ್ಟೇ ಭಾರವಿರಲಿ, ಹೆಜ್ಜೆಯ ಪೆಟ್ಟು ನೆಲಕ್ಕೆ ಇಳಿಯುತ್ತದೆ. ಮಹಡಿ ಮನೆಗಳಲ್ಲಿ ವಾಸಿಸುವವರು ದಪ್ಪ ರಬ್ಬರ್ ಹಾಸಿನ ವೆಚ್ಚವನ್ನೂ, ಕೆಳಮನೆಯವರ ಸಹನೆಯನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮನೆ ತಲುಪುವಾಗಿನ ಬೆಲೆ

ವಿಮಾನದ ಕೊರಿಯರ್‌ನಲ್ಲಿ ಪೆಟ್ಟಿಗೆಯ ಗಾತ್ರಕ್ಕೂ ಹಣ ತೆರಬೇಕು. ಸೆಂ.ಮೀ. ಲೆಕ್ಕದ ಉದ್ದ, ಅಗಲ, ಎತ್ತರಗಳ ಗುಣಲಬ್ಧವನ್ನು 5,000ದಿಂದ ಭಾಗಿಸಿ ಗಾತ್ರದ ತೂಕವನ್ನು ಕಟ್ಟುವುದು ರೂಢಿ. 90 x 90 x 12 ಸೆಂ.ಮೀ. ಪೆಟ್ಟಿಗೆಗೆ ಇದು 19.44 ಕೆ.ಜಿ. ಆಗುತ್ತದೆ. ನಿಜ ತೂಕ, ಗಾತ್ರದ ತೂಕ ಇವೆರಡರಲ್ಲಿ ಹೆಚ್ಚಿನದಕ್ಕೆ ದರ ಬೀಳುತ್ತದೆ.

ಸುಂಕದ ಲೆಕ್ಕವನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಪ್ಯಾಡಿನ ಬೆಲೆ ರೂ. 20,000, ವಿಮಾನ ಸಾಗಣೆ ರೂ. 12,000, ವಿಮೆ ರೂ. 225 ಎಂದಿಟ್ಟುಕೊಳ್ಳೋಣ. ವಿಮಾನದಲ್ಲಿ ಬಂದ ಸರಕಿಗೆ ಸುಂಕದ ಮೌಲ್ಯ ಕಟ್ಟುವಾಗ ಸಾಗಣೆ ವೆಚ್ಚವನ್ನು ಸರಕಿನ ಬೆಲೆಯ ಶೇ. 20ಕ್ಕಿಂತ ಹೆಚ್ಚು ಸೇರಿಸುವಂತಿಲ್ಲ. ಆದುದರಿಂದ ಸೇರುವುದು ರೂ. 4,000 ಮಾತ್ರ, ಸುಂಕದ ಮೌಲ್ಯ ರೂ. 24,225. ಮೂಲ ಸುಂಕ ಶೇ. 20 ಎಂದು ಭಾವಿಸಿದರೆ ರೂ. 4,845, ಅದರ ಮೇಲೆ ಶೇ. 10ರ ಸಮಾಜ ಕಲ್ಯಾಣ ಸರ್‌ಚಾರ್ಜ್ ರೂ. 484.50, ಈ ಒಟ್ಟು ಮೊತ್ತದ ಮೇಲೆ ಐ.ಜಿ.ಎಸ್.ಟಿ. ಶೇ. 18 ಎಂದು ಭಾವಿಸಿದರೆ ರೂ. 5,319.81. ಹೀಗೆ ಒಟ್ಟು ತೆರಿಗೆ ಸುಮಾರು ರೂ. 10,649. ಮನೆ ತಲುಪುವಾಗಿನ ಬೆಲೆ ರೂ. 42,874. ಸರಕಿನ ವರ್ಗೀಕರಣ ಮತ್ತು ಆಮದಿನ ವಿಧಾನಕ್ಕೆ ತಕ್ಕಂತೆ ದರಗಳು ಬೇರೆಯಾಗುವುದರಿಂದ ಆರ್ಡರ್‌ಗೆ ಮೊದಲು ಕಸ್ಟಮ್ಸ್ ಏಜೆಂಟರನ್ನು ವಿಚಾರಿಸತಕ್ಕದ್ದು. ಹೊರದೇಶದ ಬಂಧುಗಳಿಂದ 'ಉಡುಗೊರೆ' ಎಂದು ಬರೆಸಿ ತರಿಸುವ ಯೋಚನೆಯೂ ಫಲಿಸದು, ರೂ. 5,000ದವರೆಗಿನ ಉಡುಗೊರೆಗಿದ್ದ ಸುಂಕ ವಿನಾಯಿತಿಯನ್ನು 2019ರ ಡಿಸೆಂಬರ್‌ನಲ್ಲಿ ಹಿಂಪಡೆಯಲಾಗಿದೆ.

ಗಂಟೆಯ ಲೆಕ್ಕ

ಮೇಲಿನ ಪ್ಯಾಡನ್ನು 5 ವರ್ಷ ಬಳಸಿ, ರಿಪೇರಿಗೆ ರೂ. 3,000 ವ್ಯಯಿಸಿ, ಕೊನೆಗೆ ರೂ. 15,000ಕ್ಕೆ ಮಾರಿದರೆ ನಿವ್ವಳ ವೆಚ್ಚ ರೂ. 30,874, ಅಂದರೆ ವರ್ಷಕ್ಕೆ ಸುಮಾರು ರೂ. 6,175. ವಾರಕ್ಕೆ ನಾಲ್ಕು ಗಂಟೆ ಆಡುವ ಮಗುವಿಗೆ ವರ್ಷದಲ್ಲಿ 208 ಗಂಟೆಯಾಗಿ, ಗಂಟೆಗೆ ರೂ. 30ರಷ್ಟು ಬೀಳುತ್ತದೆ. ತಿಂಗಳಿಗೆ ಎರಡೇ ಗಂಟೆ ಆಡಿದರೆ ಗಂಟೆಗೆ ರೂ. 257 ಆಗುತ್ತದೆ. ವರ್ಷಕ್ಕೊಂದರಂತೆ ರೂ. 2,500ರ ಮೆದು ಪ್ಯಾಡ್ ಕೊಂಡರೂ ಖರ್ಚು ಇದಕ್ಕಿಂತ ಕಡಿಮೆಯೇ. ಆದುದರಿಂದ ಗಟ್ಟಿ ಪ್ಯಾಡ್ ಕೊಳ್ಳುವುದು ಉಳಿತಾಯದ ಮಾರ್ಗವೆಂದು ಯಾರೂ ಭಾವಿಸಬೇಕಾಗಿಲ್ಲ. ಮೊದಲು ಮೆದು ಪ್ಯಾಡ್ ತಂದುಕೊಟ್ಟು, ಮೂರು ತಿಂಗಳ ನಂತರವೂ ಉತ್ಸಾಹ ಉಳಿದಿದ್ದರೆ ದೊಡ್ಡ ಖರ್ಚಿಗೆ ಮುಂದಾಗುವುದು ಸೂಕ್ತ.

ತಯಾರಿಸುವ ಯೋಚನೆಯುಳ್ಳವರಿಗೆ

ಇದನ್ನು ಇಲ್ಲಿಯೇ ತಯಾರಿಸಬಾರದೇಕೆ ಎಂದು ಕೆಲವು ಸದಸ್ಯರಿಗೆ ತೋರಬಹುದು. ತಗಡು ಬಾಗಿಸುವುದು, ಪೌಡರ್ ಕೋಟಿಂಗ್, ಪಾಲಿಕಾರ್ಬೊನೇಟ್ ಕತ್ತರಿಸುವುದು ನಮ್ಮ ಘಟಕಗಳಿಗೆ ಹೊಸತಲ್ಲ. ಆದರೆ ಇತರರ ಹೆಸರು, ಗುರುತುಗಳನ್ನು ಬಳಸುವಂತಿಲ್ಲ. ಅಮೆರಿಕೆಯಲ್ಲಿ ರಾಕ್ಸರ್ ಗೇಮ್ಸ್ ಸಂಸ್ಥೆಯು 2004ರಲ್ಲಿ ತಂದ 'ಇನ್ ದ ಗ್ರೂವ್' ಎಂಬ ಆಟದ ವಿರುದ್ಧ ಕೊನಾಮಿ 2005ರಲ್ಲಿ ದಾವೆ ಹೂಡಿತು. 2006ರ ರಾಜಿಯಲ್ಲಿ ಆ ಆಟದ ಹಕ್ಕುಗಳೇ ಕೊನಾಮಿಯ ಪಾಲಾದವು. ಬೌದ್ಧಿಕ ಆಸ್ತಿ ಹಕ್ಕುಗಳ ಪರಿಶೀಲನೆಯಿಲ್ಲದೆ ಅಚ್ಚು, ಫಿಕ್ಸ್ಚರ್‌ಗಳಿಗೆ ಬಂಡವಾಳ ಹಾಕಬಾರದು.

ಉಪಸಂಹಾರ

ಖರೀದಿಗೆ ಮುನ್ನ ಮಾರಾಟಗಾರರನ್ನು ಕೇಳಬೇಕಾದ ಪ್ರಶ್ನೆಗಳು ಇಷ್ಟೇ: 1) ಫಲಕಗಳು ನಾಲ್ಕೋ ಐದೋ? 2) ಸೆನ್ಸರ್ ಯಾವ ಬಗೆಯದು, ಪ್ರತಿ ಫಲಕಕ್ಕೆ ಎಷ್ಟು? 3) ಎಡ, ಬಲ ಬಾಣಗಳು ಒಟ್ಟಿಗೆ ಕೆಲಸ ಮಾಡುತ್ತವೆಯೇ? 4) ಪ್ಯಾಡನ್ನು ಸ್ಕ್ರೂ ಬಿಚ್ಚಿ ತೆರೆಯಬಹುದೇ, ತೆರೆದರೆ ವಾರಂಟಿ ಉಳಿಯುವುದೇ? 5) ಬಿಡಿಭಾಗಗಳನ್ನು ಪ್ರತ್ಯೇಕವಾಗಿ ಅಂಚೆಯಲ್ಲಿ ಕಳುಹಿಸುವರೇ? 6) ಪೆಟ್ಟಿಗೆಯ ಅಳತೆ, ತೂಕ ಎಷ್ಟು?

ನನ್ನ ಕಕ್ಷಿದಾರರು ಕೇಳದೆ ಬಿಟ್ಟದ್ದು ನಾಲ್ಕನೆಯ ಪ್ರಶ್ನೆಯನ್ನು. ಅವರ ಪ್ಯಾಡಿಗೆ ಸುತ್ತಲೂ ರಿವೆಟ್ ಹೊಡೆಯಲಾಗಿತ್ತು. ಹಿಂದಿರುಗಿಸುವ ಯೋಚನೆ ಬಿಟ್ಟು, ತಮ್ಮ ಘಟಕದಲ್ಲಿಯೇ ಒಂದು ಭಾನುವಾರ ರಿವೆಟ್‌ಗಳನ್ನು ಕೊರೆದು ತೆಗೆದರು. ಎಡಬಾಣದ ಕೆಳಗೆ ತಾಮ್ರದ ತೆಳು ಪಟ್ಟಿಯೊಂದು ಹರಿದಿತ್ತು. ಹೊಸ ಪಟ್ಟಿಗೆ ನೂರು ರೂಪಾಯಿಯೂ ತಗಲಲಿಲ್ಲ. ರಿವೆಟ್‌ಗಳ ಜಾಗದಲ್ಲಿ ಈಗ ಸ್ಕ್ರೂಗಳಿವೆ. ಮಗಳ ಆಟ ಮುಂದುವರಿದಿದೆ. ಕಾರ್ಖಾನೆಯಿಲ್ಲದ ಮನೆಯವರಿಗೆ ಈ ಅನುಕೂಲವಿರುವುದಿಲ್ಲ. ಆದುದರಿಂದ ಹಣ ಕಳುಹಿಸುವ ಮೊದಲು ಪ್ಯಾಡಿನ ಅಡಿಭಾಗದ ಚಿತ್ರವೊಂದನ್ನು ತರಿಸಿಕೊಂಡು, ಅಲ್ಲಿರುವುದು ಸ್ಕ್ರೂಗಳೋ ರಿವೆಟ್‌ಗಳೋ ಎಂಬುದನ್ನು ನೋಡಿಕೊಳ್ಳಬೇಕೆಂದು ಸದಸ್ಯ ಮಿತ್ರರಲ್ಲಿ ವಿನಂತಿ.