ಜೊಲ್ಲು ಕಂಡಿದ್ದು ಯಾವತ್ತು?



ಕಾಲುಬಾಯಿ ಜ್ವರ ಬಂದ ಮನೆಗೆ ಹೋದಾಗ ನಾನು ಮೊದಲು ಕೇಳುವುದು ಒಂದೇ: “ಜೊಲ್ಲು ಸುರಿಸೋಕೆ ಶುರು ಮಾಡಿದ್ದು ಯಾವತ್ತು?” ಬಹಳಷ್ಟು ಕಡೆ ಸಿಗುವ ಉತ್ತರ, “ನಿನ್ನೆ ಸಂಜೆಯಿಂದ ಡಾಕ್ಟ್ರೇ.” ಬಾಯಿ ತೆರೆಸಿ ನೋಡಿದರೆ ಗುಳ್ಳೆ ಒಡೆದು, ಹುಣ್ಣಿನ ಅಂಚು ಮಾಯತೊಡಗಿರುತ್ತದೆ. ಅದು ನಾಲ್ಕೈದು ದಿನದ ಹುಣ್ಣು. ಸುದ್ದಿ ತಿಳಿದರೆ ಡೇರಿಯಲ್ಲಿ ಹಾಲು ಬೇಡ ಅಂದಾರು ಎಂಬ ಭಯ ನಿಮಗೆ. ಅದು ನನಗೆ ಅರ್ಥವಾಗುತ್ತದೆ. ಆದರೆ ಆ ತಾರೀಖಿನ ಮೇಲೆ ದೊಡ್ಡ ಲೆಕ್ಕವೊಂದು ನಿಂತಿದೆ.

2001ರ ಫೆಬ್ರವರಿಯಲ್ಲಿ ಬ್ರಿಟನ್ನಿಗೆ ಈ ರೋಗ ನುಗ್ಗಿತು. ಅಲ್ಲಿ ರಾಸುಗಳಿಗೆ ಲಸಿಕೆ ಹಾಕುತ್ತಿರಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಫಾರಂಗಳಿಗೆ ರೋಗ ತಗುಲಿತು. ಅರವತ್ತು ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಂದರು. ಆಗ ಸರ್ಕಾರದ ನೆರವಿಗೆ ಬಂದವರಲ್ಲಿ ಗಣಿತ ಬಲ್ಲ ಯುವ ಸಂಶೋಧಕರಿದ್ದರು. ಅವರಲ್ಲಿ ಒಬ್ಬರಾದ ನೀಲ್ ಫರ್ಗುಸನ್ ಓದಿದ್ದು ಭೌತಶಾಸ್ತ್ರ, ಪಶುವೈದ್ಯವಲ್ಲ. ಯಾವ ಫಾರಂ ಎಲ್ಲಿದೆ, ಎಷ್ಟು ರಾಸುಗಳಿವೆ, ರೋಗ ಕಂಡಿದ್ದು ಎಂದು ಎಂಬುದನ್ನೆಲ್ಲ ಕಂಪ್ಯೂಟರಿಗೆ ಕೊಟ್ಟು, ಮುಂದೆ ಎಲ್ಲಿಗೆ ಹಬ್ಬಬಹುದು ಎಂದು ಲೆಕ್ಕ ಹಾಕಿದರು. ರೋಗದ ಫಾರಂ 24 ಗಂಟೆಯಲ್ಲಿ, ಪಕ್ಕದ ಫಾರಂ 48 ಗಂಟೆಯಲ್ಲಿ ಖಾಲಿಯಾಗಬೇಕು ಎಂಬ ಕ್ರಮಕ್ಕೆ ಇಂಥ ಲೆಕ್ಕವೇ ಬಲ ಕೊಟ್ಟಿತು. ಆರೋಗ್ಯವಾಗಿದ್ದ ರಾಸುಗಳೂ ಸತ್ತವು. ಹಲವು ಪಶುವೈದ್ಯರು ಇದನ್ನು ಕಟುವಾಗಿ ಟೀಕಿಸಿದರು. ನನ್ನ ಮನಸ್ಸೂ ಅವರ ಕಡೆಗೇ ವಾಲುತ್ತದೆ. ಆದರೆ ತಡ ಮಾಡಿದಷ್ಟೂ ರೋಗ ಹಬ್ಬುತ್ತದೆ ಎಂಬ ಮಾತನ್ನು ಅಲ್ಲಗಳೆಯಲಾರೆ.

ನಮ್ಮಲ್ಲಿ ಕೊಲ್ಲುವುದಿಲ್ಲ, ಆರು ತಿಂಗಳಿಗೊಮ್ಮೆ ಲಸಿಕೆ ಹಾಕುತ್ತೇವೆ. ಇಲ್ಲೂ ಅದೇ ಗಣಿತ. ಒಂದು ಹಸುವಿನಿಂದ ಮೂರಕ್ಕೆ ತಗುಲಿತು ಅಂದುಕೊಳ್ಳಿ. ಮೂರು ಒಂಬತ್ತಾಗಿ, ಒಂಬತ್ತು ಇಪ್ಪತ್ತೇಳಾಗಿ, ಐದನೇ ಸುತ್ತಿಗೆ 243. ಆ ಮೂರರಲ್ಲಿ ಎರಡಕ್ಕೆ ಲಸಿಕೆ ಹಿಡಿದಿದ್ದರೆ ಒಂದರಿಂದ ಒಂದಕ್ಕೆ ಮಾತ್ರ. ಅದಕ್ಕಿಂತ ಹೆಚ್ಚು ರಾಸುಗಳಿಗೆ ಹಿಡಿದಿದ್ದರೆ ರೋಗ ತಾನಾಗಿ ಆರುತ್ತದೆ. ಲಸಿಕೆ ಎಲ್ಲ ರಾಸಿಗೂ ಒಂದೇ ಸಮ ಹಿಡಿಯುವುದಿಲ್ಲ. ಅದಕ್ಕೇ “ನಮ್ಮದು ಹಾಲು ಕೊಡೋ ಹಸು, ಈ ಸಲ ಬೇಡ” ಅಂದಾಗ ನಾನು ಬಾಗಿಲಲ್ಲೇ ನಿಂತು ವಾದ ಮಾಡುವುದು. ಒಂದೆರಡು ದಿನ ಹಾಲು ಸ್ವಲ್ಪ ಇಳಿಯಬಹುದು, ನಿಜ. ರೋಗ ಬಂದರೆ ಆ ಸೂಲೇ ಹೋದೀತು.

2011ರಲ್ಲಿ ಬ್ರಿಟನ್ನಿನ ಸಂಶೋಧಕರು ರೋಗದ ಕರುವನ್ನು ಆರೋಗ್ಯವಂತ ಕರುವಿನ ಜೊತೆ ಕೆಲವು ಗಂಟೆ ಬಿಟ್ಟು ನೋಡಿದರು. ಲಕ್ಷಣ ಕಾಣಿಸಿದ ಸುಮಾರು ಅರ್ಧ ದಿನದ ನಂತರವೇ ರೋಗ ಇನ್ನೊಂದಕ್ಕೆ ಹರಡತೊಡಗುತ್ತದೆ ಎಂದು ಅವರ ಲೆಕ್ಕ ಹೇಳಿತು. ಅಂದರೆ ಜೊಲ್ಲು ಕಂಡ ಕೂಡಲೇ ಆ ಹಸುವನ್ನು ಬೇರೆ ಕಟ್ಟಿದರೆ ಉಳಿದವು ತಪ್ಪಿಸಿಕೊಳ್ಳುವ ಅವಕಾಶವಿದೆ. ಮೇವು, ನೀರಿನ ಬಕೆಟ್ ಬೇರೆ ಇಡಿ. ಅದನ್ನು ಕೊನೆಗೆ ಕರೆಯಿರಿ, ಕೈಕಾಲು ಸೋಪು ಹಾಕಿ ತೊಳೆಯಿರಿ. ಹಾಲಿನ ವಿಚಾರ ನನ್ನನ್ನೇ ಕೇಳಿ, ಮುಚ್ಚಿಡಬೇಡಿ.

ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ಯಾವ ಜಿಲ್ಲೆಗೆ ಯಾವ ಜಾನುವಾರು ರೋಗ ಬರಬಹುದೆಂದು ಮುಂಚಿತವಾಗಿ ಎಚ್ಚರಿಕೆ ಕೊಡುತ್ತದೆ. ಅದಕ್ಕೂ ಬೇಕಾದದ್ದು ಹಳ್ಳಿಗಳಿಂದ ಹೋಗುವ ಮಾಹಿತಿಯೇ. (ಮನೆಯಲ್ಲಿ ಮಗಳು ಗಣಿತದಲ್ಲಿ ಬಿ.ಎಸ್ಸಿ. ಓದುತ್ತಿದ್ದರೆ, ಇಂಥ ಕೆಲಸವೂ ಇದೆ ಎಂದು ಹೇಳಿ.)

ಫೋನ್ ಮಾಡಿದಾಗ ಮೇವು ಬಿಟ್ಟ ದಿನ, ಜೊಲ್ಲು ಕಂಡ ದಿನ, ಇತ್ತೀಚೆಗೆ ಸಂತೆಯಿಂದ ರಾಸು ತಂದಿದ್ದರೆ ಅದನ್ನೂ ಹೇಳಿ. ತಾರೀಖು ನೆನಪಿಲ್ಲವೇ? ಡೇರಿಯ ಪಾಸ್‌ಬುಕ್ ತೆಗೆಯಿರಿ. ಹಾಲು ಇಳಿದ ಹೊತ್ತು ಅದರಲ್ಲಿ ಬರೆದಿರುತ್ತದೆ.