ತಂತ್ರಾಂಶದ ಬದಲಾವಣೆ: ಹಳೆಯ ಲೆಕ್ಕದ ದತ್ತಾಂಶ ಯಾರದು?

ಲೆಕ್ಕಪತ್ರದ ತಂತ್ರಾಂಶವನ್ನು ಬದಲಿಸಹೊರಟ ವ್ಯಾಪಾರಿಗಳು ಹೊಸದರ ಬೆಲೆ, ವೇಗ, ಬಿಲ್ಲಿನ ನಮೂನೆ ಇವುಗಳನ್ನು ಕೂಲಂಕಷವಾಗಿ ವಿಚಾರಿಸುತ್ತಾರೆ. ಹಳೆಯ ಸಂಸ್ಥೆಯವರು ಇಷ್ಟು ವರ್ಷಗಳ ಲೆಕ್ಕವನ್ನು ಯಾವ ರೂಪದಲ್ಲಿ, ಎಷ್ಟು ದಿನಗಳೊಳಗೆ ಹಿಂದಿರುಗಿಸುವರೆಂದು ಕೇಳುವವರು ವಿರಳ. ಚಂದಾ ಅವಧಿ ಮುಗಿದು ಪರದೆ ತೆರೆಯದಾದಾಗಲೇ ಈ ಪ್ರಶ್ನೆ ಏಳುವುದು.

ತಂತ್ರಾಂಶವು ಅದನ್ನು ರೂಪಿಸಿದವರ ಸೊತ್ತು. 1957ರ ಕೃತಿಸ್ವಾಮ್ಯ ಕಾಯಿದೆಯು ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯಕೃತಿಯ ಸಾಲಿಗೇ ಸೇರಿಸಿದೆ. ಸಾಮಾನ್ಯವಾಗಿ ನಾವು ಹಣ ತೆರುವುದು ಬಳಕೆಯ ಪರವಾನಗಿಗೆ ಮಾತ್ರ. ಆದರೆ ಅದರೊಳಗೆ ತುಂಬಿದ ವೋಚರು, ಖಾತೆ, ದಾಸ್ತಾನಿನ ವಿವರಗಳು ನಮ್ಮ ವಹಿವಾಟಿನವು. ಖಾತೆಪುಸ್ತಕ ಮಾರಿದ ಅಂಗಡಿಯವನು ಅದರಲ್ಲಿ ಬರೆದ ಲೆಕ್ಕ ತನ್ನದೆಂದು ಹೇಳಲಾರನಷ್ಟೆ! ಆದರೆ ಆ ಪುಸ್ತಕ ನಮ್ಮ ಕಪಾಟಿನಲ್ಲಿರುತ್ತಿತ್ತು. ದತ್ತಾಂಶವಾದರೋ ಅವರ ಕಡತದ ರೂಪದಲ್ಲಿ, ಅನೇಕ ವೇಳೆ ಅವರ ಸರ್ವರಿನಲ್ಲಿ ಇರುತ್ತದೆ.

ಆಸ್ಪತ್ರೆಗಳ ಗಣಕೀಕೃತ ದಾಖಲೆಗಳ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ಹೊರಡಿಸಿದ ಮಾನದಂಡಗಳು ಈ ಗೊಂದಲವನ್ನು ಬಿಡಿಸಿ ಹೇಳಿವೆ: ಮಾಹಿತಿ ರೋಗಿಯದು, ಅದನ್ನು ಸಂಗ್ರಹಿಸಿದ ಮಾಧ್ಯಮ ಆಸ್ಪತ್ರೆಯದು. ವ್ಯಾಪಾರಿಗಳಾದ ನಮಗೆ ಕರಾರುಪತ್ರವೇ ಆಧಾರ.

ಹೊಣೆಯ ವಿಷಯದಲ್ಲಿ ಮಾತ್ರ ಕಾನೂನು ಸ್ಪಷ್ಟವಾಗಿದೆ. ಜಿ.ಎಸ್.ಟಿ. ಕಾಯಿದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿರಿಸಬೇಕು. 57ನೇ ನಿಯಮದಂತೆ ಗಣಕ ದಾಖಲೆಗಳಿಗೆ ಸರಿಯಾದ ಬ್ಯಾಕಪ್ ಇರಬೇಕು. ಅಧಿಕಾರಿಗಳು ಕೇಳಿದಾಗ ಕಡತಗಳ ಪಾಸ್‌ವರ್ಡನ್ನೂ, ಬಳಸಿದ ಸಂಕೇತಗಳ ವಿವರಣೆಯನ್ನೂ ಒದಗಿಸಬೇಕು. ಕಂಪನಿಗಳಿಗೆ 2013ರ ಕಾಯಿದೆಯ 128ನೇ ಕಲಮು ಎಂಟು ಹಣಕಾಸು ವರ್ಷಗಳ ಅವಧಿ ವಿಧಿಸಿದೆ. ಈ ಹೊಣೆ ನಮ್ಮದೇ, ತಂತ್ರಾಂಶ ಮಾರಿದವರದಲ್ಲ. ಹೀಗಿರುವಾಗ ಮುಖ್ಯ ಪಾಸ್‌ವರ್ಡನ್ನು ಗುಮಾಸ್ತರ ಅಥವಾ ಡೀಲರರ ಕೈಯಲ್ಲಿ ಬಿಟ್ಟಿರುವುದು ನನಗಂತೂ ಸೋಜಿಗವೆನಿಸುತ್ತದೆ.

ವರ್ಗಾವಣೆಯೆಂದರೆ ಆರಂಭಿಕ ಶಿಲ್ಕುಗಳನ್ನು ಹೊಸ ತಂತ್ರಾಂಶಕ್ಕೆ ತುಂಬುವುದೆಂದು ಹಲವರ ಎಣಿಕೆ. ಶಿಲ್ಕು ತಾಳೆಯಾದೀತು; ಆದರೆ ಹಿಂದಿನ ವರ್ಷದ ಸರಕು ವಾಪಸಾಗಿ ಕ್ರೆಡಿಟ್ ನೋಟು ಬರೆಯಬೇಕಾದಾಗ ಮೂಲ ಬಿಲ್ಲಿನ ಸಂಖ್ಯೆ, ದಿನಾಂಕ, ದರ ಬೇಕಲ್ಲವೆ? ಗ್ರಾಹಕರೊಬ್ಬರ ಬಾಕಿ 80,000 ರೂಪಾಯಿ ಎಂದಷ್ಟೇ ಇದ್ದರೆ ಅದು ಯಾವ ಬಿಲ್ಲುಗಳ ಬಾಬ್ತು ಎಂಬ ತಕರಾರಿಗೆ ಉತ್ತರವಿಲ್ಲ. ಪಿ.ಡಿ.ಎಫ್. ಮುದ್ರಿಕೆಯನ್ನು ಓದಬಹುದೇ ಹೊರತು ಹೊಸ ತಂತ್ರಾಂಶಕ್ಕೆ ಸುಲಭವಾಗಿ ಇಳಿಸಲಾಗದು. ಆದ್ದರಿಂದ ವೋಚರುವಾರು ವಿವರ, ಬಿಲ್ಲುವಾರು ಬಾಕಿ, ಸರಕುವಾರು ದಾಸ್ತಾನುಗಳನ್ನು ಎಕ್ಸೆಲ್ ಅಥವಾ ಅಂಥದೇ ಸಾಮಾನ್ಯ ರೂಪದಲ್ಲಿ, ಸಂಕೇತಗಳ ಪಟ್ಟಿಯೊಡನೆ, ಇಂತಿಷ್ಟು ದಿನಗಳಲ್ಲಿ ಕೊಡತಕ್ಕದ್ದೆಂದು ಖರೀದಿಯ ಕರಾರಿನಲ್ಲೇ ಬರೆಸಿಕೊಳ್ಳಬೇಕು. ಶುಲ್ಕವಿದ್ದರೆ ಅದನ್ನೂ ಆಗಲೇ ಗೊತ್ತುಪಡಿಸಬೇಕು. ಬಿಟ್ಟುಹೋಗುವ ಗಿರಾಕಿಯೊಡನೆ ಚೌಕಾಸಿಗೆ ಯಾರೂ ಕೂರುವುದಿಲ್ಲ.

ಬದಲಾವಣೆಗೆ ಏಪ್ರಿಲ್ 1 ಅನುಕೂಲದ ದಿನ. ಹಳೆಯ ಮತ್ತು ಹೊಸ ತಾಳೆಪಟ್ಟಿಗಳು ಖಾತೆವಾರು ಹೊಂದುವವರೆಗೆ ಹೊಸಬರ ಕೊನೆಯ ಕಂತನ್ನು ತಡೆಹಿಡಿಯುವುದು ಲೇಸು.

ಕಂಪನಿಗಳಿಗೆ ಇನ್ನೊಂದು ತೊಡಕಿದೆ. 2023ರ ಏಪ್ರಿಲ್ 1ರಿಂದ, ಪ್ರತಿ ನಮೂದಿನ ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸುವ ತಂತ್ರಾಂಶವನ್ನೇ ಅವು ಬಳಸಬೇಕು. ಲೆಕ್ಕಪರಿಶೋಧಕರು ಈ ಬಗ್ಗೆ ವರದಿ ಮಾಡಬೇಕು. ವೋಚರುಗಳು ಹೊಸ ತಂತ್ರಾಂಶಕ್ಕೆ ಬಂದರೂ ಅವುಗಳ ಹಳೆಯ ತಿದ್ದುಪಡಿಯ ಚರಿತ್ರೆ ಜೊತೆಗೆ ಬರುವುದು ಅಪರೂಪ. ಹಾಗಾಗಿ ಹಳೆಯ ತಂತ್ರಾಂಶವನ್ನು ಓದಲು ಮಾತ್ರ ತೆರೆಯುವ ಪರವಾನಗಿಯೊಂದಿಗೆ, ನಿಗದಿತ ಅವಧಿ ಮುಗಿಯುವವರೆಗೂ ಉಳಿಸಿಕೊಳ್ಳತಕ್ಕದ್ದು.