ಓಡುತ್ತಿರುವ ನೋಡ್‌ಗೊಂದು ಸ್ನ್ಯಾಪ್‌ಶಾಟ್

ಬೆಂಗಳೂರಿನ ಬಸವೇಶ್ವರನಗರದಿಂದ ಮಾಗಡಿ ರಸ್ತೆಗೆ ಸೇರುವ ಡಾ. ಸಿದ್ದಯ್ಯ ಪುರಾಣಿಕ ರಸ್ತೆಯಲ್ಲಿ ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಕಚೇರಿ ಇದೆ. ಸರ್ಕಾರಿ ಆಸ್ಪತ್ರೆಗಳಿಗೆ ಮಾತ್ರೆ, ಇಂಜೆಕ್ಷನ್ ಕೊಂಡು ಹಂಚುವುದು ಇದರ ಕೆಲಸ. ಅದರ ಲೆಕ್ಕ ಇಡುವ ತಂತ್ರಾಂಶದ ಹೆಸರು ‘ಔಷಧ’. ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಒಂದು ಬ್ಲಾಕ್‌ಚೈನ್ ಕೇಂದ್ರ ತೆರೆಯಿತು. ಆ ಕೇಂದ್ರ ಕೈಗೆತ್ತಿಕೊಂಡ ಕೆಲಸಗಳಲ್ಲಿ ‘ಔಷಧ’ಕ್ಕೆ ಬ್ಲಾಕ್‌ಚೈನ್ ಜೋಡಿಸುವುದೂ ಒಂದು. ಕಾರ್ಖಾನೆಯಿಂದ ಆಸ್ಪತ್ರೆವರೆಗೆ ಔಷಧಿ ಸಾಗಿದ ದಾರಿಯನ್ನು ಆಮೇಲೆ ಯಾರೂ ಸದ್ದಿಲ್ಲದೆ ತಿದ್ದಬಾರದು ಎಂಬುದು ಉದ್ದೇಶ.

ಬ್ಲಾಕ್‌ಚೈನಿನಲ್ಲಿ ಒಂದೇ ಲೆಕ್ಕವನ್ನು, ಬ್ಲಾಕ್‌ಗಳ ಸರಪಳಿಯಾಗಿ, ಹಲವು ಕಂಪ್ಯೂಟರ್‌ಗಳು ಇಟ್ಟುಕೊಂಡಿರುತ್ತವೆ. ಪ್ರತಿಯೊಂದೂ ಒಂದು ನೋಡ್. 2024ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಬ್ಲಾಕ್‌ಚೈನ್ ಚೌಕಟ್ಟಿನ ನೋಡ್‌ಗಳು ಭುವನೇಶ್ವರ, ಪುಣೆ, ಹೈದರಾಬಾದ್‌ನ ಡೇಟಾ ಸೆಂಟರ್‌ಗಳಲ್ಲಿವೆ. ಇಷ್ಟೆಲ್ಲ ಪ್ರತಿಗಳಿರುವಾಗ ಬ್ಯಾಕಪ್ ಏಕೆ ಎಂದು ಕೇಳುವವರಿದ್ದಾರೆ. ಒಂದು ನೋಡ್ ಸುಟ್ಟುಹೋದರೆ ನೆರೆಯ ನೋಡ್‌ಗಳಿಂದ ಮತ್ತೆ ತುಂಬಿಸಿಕೊಂಡರಾಯಿತಲ್ಲ?

ತುಂಬಿಸಿಕೊಳ್ಳಬಹುದು, ಆದರೆ ಹೊತ್ತು ಹಿಡಿಯುತ್ತದೆ. ಬಿಟ್‌ಕಾಯಿನ್‌ನದೇ ಲೆಕ್ಕ ನೋಡಿ. 2009ರ ಜನವರಿ 3ರಿಂದ ಬೆಳೆಯುತ್ತ ಬಂದ ಆ ಸರಪಳಿ ಈಗ 600 ಜಿಬಿ ದಾಟಿದೆ. ವಿಜಯನಗರದ ಮನೆಯೊಂದರಲ್ಲಿ 100 ಎಂಬಿಪಿಎಸ್ ಸಂಪರ್ಕದಲ್ಲಿ ಅದನ್ನು ಇಳಿಸಿಕೊಳ್ಳಲು ಕಡಿಮೆಯೆಂದರೂ 13 ಗಂಟೆ ಬೇಕು. ಇಳಿದದ್ದನ್ನೆಲ್ಲ ಮೊದಲ ಬ್ಲಾಕ್‌ನಿಂದ ಪರಿಶೀಲಿಸುವ ಕೆಲಸ ಬೇರೆ. ಸಾಧಾರಣ ಕಂಪ್ಯೂಟರ್ ಅದಕ್ಕೆ ದಿನಗಟ್ಟಲೆ ತೆಗೆದುಕೊಳ್ಳಬಹುದು.

ಹಾಗಾದರೆ ಸರಪಳಿ ಇರುವ ಫೋಲ್ಡರನ್ನೇ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿಟ್ಟರೆ? ನೋಡ್ ಓಡುತ್ತಿರುವಾಗ ಹೀಗೆ ಮಾಡಿದರೆ ಕೆಟ್ಟಿತು. ಸೆಕೆಂಡಿಗೆ 150 ಎಂಬಿ ವೇಗದಲ್ಲೂ 600 ಜಿಬಿ ಕಾಪಿ ಆಗಲು ಒಂದು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಹತ್ತು ನಿಮಿಷಕ್ಕೊಂದರಂತೆ ಅಷ್ಟರಲ್ಲಿ ಆರೇಳು ಹೊಸ ಬ್ಲಾಕ್ ಬಂದಿರುತ್ತವೆ. ಬ್ಲಾಕ್‌ಗಳು ‘ಬ್ಲಾಕ್ಸ್’ ಎಂಬ ಫೋಲ್ಡರಿನಲ್ಲಿ, ಯಾವ ನಾಣ್ಯ ಇನ್ನೂ ಖರ್ಚಾಗಿಲ್ಲ ಎಂಬ ಪಟ್ಟಿ ‘ಚೈನ್‌ಸ್ಟೇಟ್’ ಎಂಬ ಫೋಲ್ಡರಿನಲ್ಲಿ ಇರುತ್ತವೆ. ಮೊದಲನೆಯದು ಆರಂಭದಲ್ಲಿ ಕಾಪಿಯಾಗಿ, ಎರಡನೆಯದು ಗಂಟೆಯ ನಂತರ ಕಾಪಿಯಾದರೆ, ಪಟ್ಟಿ ಹೇಳುವ ಕೊನೆಯ ಬ್ಲಾಕ್‌ಗಳು ನಕಲಿನಲ್ಲಿ ಇರುವುದೇ ಇಲ್ಲ. ನೋಡ್ ಅದನ್ನು ಹಾಳಾದ ಡೇಟಾಬೇಸ್ ಎಂದು ತಳ್ಳಿಹಾಕುತ್ತದೆ.

ಫೈಲ್‌ಸಿಸ್ಟಮ್ ಸ್ನ್ಯಾಪ್‌ಶಾಟ್ ಉಪಯೋಗಕ್ಕೆ ಬರುವುದು ಇಲ್ಲಿ. ಸನ್ ಕಂಪನಿಯಲ್ಲಿ ಜೆಫ್ ಬಾನ್‌ವಿಕ್, ಮ್ಯಾಥ್ಯೂ ಅಹ್ರೆನ್ಸ್ ಮತ್ತು ಸಂಗಡಿಗರು ರೂಪಿಸಿದ ಫೈಲ್‌ಸಿಸ್ಟಮ್ ಝಡ್‌ಎಫ್‌ಎಸ್ ಇದಕ್ಕೆ ಹೆಸರಾದದ್ದು. ಲಿನಕ್ಸ್‌ನಲ್ಲಿ ಬಿಟಿಆರ್‌ಎಫ್‌ಎಸ್ ಕೂಡ ಇದೆ. ಇವು ಹಳೆಯ ದತ್ತಾಂಶದ ಮೇಲೆ ಹೊಸದನ್ನು ಬರೆಯುವುದಿಲ್ಲ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ತಪ್ಪಾದ ಸಾಲನ್ನು ಉಜ್ಜದೆ, ಖಾಲಿ ಪುಟದಲ್ಲಿ ಹೊಸದಾಗಿ ಬರೆದು, ಪರಿವಿಡಿಯಲ್ಲಿ ಪುಟಸಂಖ್ಯೆ ಬದಲಿಸಿದ ಹಾಗೆ. ಸ್ನ್ಯಾಪ್‌ಶಾಟ್ ಎಂದರೆ ಈ ಕ್ಷಣದ ಪರಿವಿಡಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು, ಅಷ್ಟೆ. ಆದ್ದರಿಂದಲೇ 600 ಜಿಬಿ ಇದ್ದರೂ ಅದು ಕ್ಷಣಮಾತ್ರದಲ್ಲಿ ಮುಗಿಯುತ್ತದೆ, ಆ ಕ್ಷಣಕ್ಕೆ ಹೆಚ್ಚಿನ ಜಾಗವನ್ನೂ ಕೇಳುವುದಿಲ್ಲ. ಇನ್ನೊಂದು ಸ್ವಾರಸ್ಯ: ಝಡ್‌ಎಫ್‌ಎಸ್ ತನ್ನ ಪ್ರತಿ ತುಣುಕಿನ ಚೆಕ್‌ಸಮ್ಮನ್ನು (ತಾಳೆ ನೋಡುವ ಸಂಖ್ಯೆಯನ್ನು) ಅದರ ಮೇಲಿನ ತುಣುಕಿನಲ್ಲಿ ಇಡುತ್ತ ಬುಡದವರೆಗೆ ಮರದಂತೆ ಕಟ್ಟುತ್ತದೆ. ಬ್ಲಾಕ್‌ಚೈನ್ ತನ್ನ ವಹಿವಾಟುಗಳನ್ನು ಕಾಯುವುದೂ ಇಂಥದೇ ಮರದಿಂದ. ಅದಕ್ಕೆ ರಾಲ್ಫ್ ಮರ್ಕಲ್ ಅವರ ಹೆಸರಿದೆ.

ಸ್ನ್ಯಾಪ್‌ಶಾಟ್ ಜಾಗ ಕೇಳುವುದು ಆಮೇಲೆ. ಬ್ಲಾಕ್ ಫೈಲುಗಳಿಗೆ ಹೊಸದು ಸೇರುತ್ತದೆಯೇ ಹೊರತು ಹಳೆಯದು ಬದಲಾಗದು, ಹಾಗಾಗಿ ಅಲ್ಲಿ ಸ್ನ್ಯಾಪ್‌ಶಾಟ್ ಅಗ್ಗ. ಆದರೆ ಚೈನ್‌ಸ್ಟೇಟ್ ಇರುವ ಲೆವೆಲ್‌ಡಿಬಿಯಂಥ ಡೇಟಾಬೇಸ್ ತನ್ನ ಫೈಲುಗಳನ್ನು ಆಗಾಗ ಒಟ್ಟುಗೂಡಿಸಿ ಹೊಸದಾಗಿ ಬರೆದು, ಹಳೆಯದನ್ನು ಅಳಿಸುತ್ತಿರುತ್ತದೆ. ಸ್ನ್ಯಾಪ್‌ಶಾಟ್ ಇರುವವರೆಗೆ ಆ ಅಳಿಸಿದ ಫೈಲುಗಳ ಜಾಗ ಬಿಡುಗಡೆಯಾಗುವುದಿಲ್ಲ. ದಿನಕ್ಕೊಂದು ತೆಗೆದು ಮರೆತುಬಿಟ್ಟರೆ ಡಿಸ್ಕ್ ತುಂಬಿ ನೋಡ್ ನಿಲ್ಲುತ್ತದೆ.

ಓಡುವಾಗಲೇ ತೆಗೆದ ಸ್ನ್ಯಾಪ್‌ಶಾಟ್, ಕರೆಂಟ್ ಹೋದ ಕ್ಷಣದ ಡಿಸ್ಕಿಗೆ ಸಮ. ಒಳ್ಳೆಯ ಡೇಟಾಬೇಸ್ ಅದರಿಂದ ಚೇತರಿಸಿಕೊಳ್ಳುತ್ತದೆ, ಎಲ್ಲ ಫೋಲ್ಡರುಗಳನ್ನೂ ಒಂದೇ ಕ್ಷಣದಲ್ಲಿ ಹಿಡಿದಿದ್ದರೆ. ಬಿಟಿಆರ್‌ಎಫ್‌ಎಸ್‌ನಲ್ಲಿ ಇಲ್ಲೊಂದು ಹಳ್ಳವಿದೆ: ಒಳಗೊಂದು ಸಬ್‌ವಾಲ್ಯೂಮ್ (ಪ್ರತ್ಯೇಕವಾಗಿ ನಿರ್ವಹಿಸುವ ಭಾಗ) ಇದ್ದರೆ ಸ್ನ್ಯಾಪ್‌ಶಾಟ್‌ನಲ್ಲಿ ಅದು ಖಾಲಿ ಫೋಲ್ಡರಾಗಿ ಕಾಣುತ್ತದೆ. ನನ್ನನ್ನು ಕೇಳಿದರೆ, ನೋಡ್ ನಿಲ್ಲಿಸಿ, ಸ್ನ್ಯಾಪ್‌ಶಾಟ್ ತೆಗೆದು, ಮತ್ತೆ ಚಾಲೂ ಮಾಡುವುದೇ ಲೇಸು. ಕೆಲವೇ ನಿಮಿಷದ ಮಾತು. ಆಮೇಲೆ ನಿಧಾನವಾಗಿ ಅದನ್ನು ಬೇರೆ ಯಂತ್ರಕ್ಕೆ ಕಳಿಸಬೇಕು. ಅದೇ ಡಿಸ್ಕಿನಲ್ಲಿ ಉಳಿದ ಸ್ನ್ಯಾಪ್‌ಶಾಟ್ ಡಿಸ್ಕಿನ ಜೊತೆಗೇ ಸಾಯುತ್ತದೆ.

ಮರಳಿ ತರುವುದು ಸುಲಭ: ಹಳೆಯ ಸ್ಥಿತಿಗೆ ಹೋದ ನೋಡ್ ಅಂದಿನಿಂದ ಇಂದಿನವರೆಗಿನ ಬ್ಲಾಕ್‌ಗಳನ್ನಷ್ಟೇ ನೆರೆಯವರಿಂದ ಕೇಳಿ ಪಡೆಯುತ್ತದೆ. ನೆರೆಯವರು ಕೊಡಲಾರದ್ದು ಸಹಿ ಹಾಕುವ ಗುಪ್ತ ಕೀಲಿ ಮತ್ತು ಆ ನೋಡ್ ತಾನು ಯಾವ ಬ್ಲಾಕ್‌ಗೆ ಮತ ಹಾಕಿದ್ದೆ ಎಂಬ ನೆನಪು. ಎಥೀರಿಯಮ್ ಎಂಬ ಬ್ಲಾಕ್‌ಚೈನ್ 2022ರ ಸೆಪ್ಟೆಂಬರ್ 15ರಂದು ಹಣ ಪಣವಿಟ್ಟ ನೋಡ್‌ಗಳು ಬ್ಲಾಕ್‌ಗಳಿಗೆ ಮತ ಹಾಕುವ ಪಣದ ವ್ಯವಸ್ಥೆಗೆ ಬದಲಾದ ಮೇಲೆ ಈ ನೆನಪಿಗೆ ಬೆಲೆ ಬಂದಿದೆ. ಹೀಗೆ ಮತ ಹಾಕುವ ವ್ಯಾಲಿಡೇಟರ್ ಒಂದನ್ನು ಹಳೆಯ ಸ್ನ್ಯಾಪ್‌ಶಾಟ್‌ಗೆ ಮರಳಿಸಿದರೆ ಅದು ಹಾಕಿದ ಮತವನ್ನು ಮರೆತು, ಅದೇ ಸರದಿಗೆ ಬೇರೆ ಮತ ಹಾಕಬಹುದು. ನೆಟ್‌ವರ್ಕ್ ಅದನ್ನು ಮೋಸವೆಂದೇ ಎಣಿಸಿ ಪಣದ ಹಣ ಕತ್ತರಿಸುತ್ತದೆ, ಹೊರಗೂ ಹಾಕುತ್ತದೆ. ಈ ಮತದ ದಾಖಲೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲೆಂದೇ ಇಐಪಿ-3076 ಎಂಬ ನಮೂನೆ ಇದೆ.

ಆದ್ದರಿಂದ ನೋಡ್ ನಡೆಸುವವರು ಕೀಲಿಯನ್ನೂ ಮತದ ದಾಖಲೆಯನ್ನೂ ಸರಪಳಿಯ ಸ್ನ್ಯಾಪ್‌ಶಾಟ್‌ನಿಂದ ಹೊರಗೆ, ಬೇರೆಯಾಗಿ ಕಾಪಾಡಿ. ಸ್ನ್ಯಾಪ್‌ಶಾಟ್ ನಿಜಕ್ಕೂ ಏಳುತ್ತದೆಯೇ ಎಂದು ಬಿಡುವಾದಾಗ ಇನ್ನೊಂದು ಯಂತ್ರದಲ್ಲಿ ಪರೀಕ್ಷಿಸಿ. ಆ ಯಂತ್ರಕ್ಕೆ ಕೀಲಿ ಮಾತ್ರ ಕೊಡಬೇಡಿ.